ಎತ್ತಿನ ನಡಿಗೆಯೇ ದಂಡಿನ ನಡಿಗೆ

ಮಕ್ಕಳು ಓದುವ ಪುಸ್ತಕವನ್ನು ಹಿರಿಯರು ಒಮ್ಮೆಯಾದರೂ ತಿರುವಿ ನೋಡುವರು; ಅವರು ಆಡುವ ಆಟದ ನಿಯಮಗಳನ್ನು ಮಾತ್ರ ಯಾರೂ ಓದಿ ನೋಡುವದಿಲ್ಲ. ಆಟವೆಂದರೆ ಹೊತ್ತು ಕಳೆಯುವ ಸಾಧನ, ಅದರಲ್ಲಿ ವಿಚಾರ ಮಾಡತಕ್ಕದ್ದೇನಿರುವದೆಂದು ಬಹುಜನರ ತಿಳುವಳಿಕೆ. ಆದರೆ ವಾಚಕರೇ, ಆಟದ ನಿಯಮವೂ ಒಂದು ಪಾಠವೇ ಸರಿ. ಪುಸ್ತಕದೊಳಗಿನ ಮಾತನ್ನು ಹುಡುಗನು ಪರೀಕ್ಷೆ ಮುಗಿದ ಮರುದಿನವೇ ಮರೆಯಬಹುದು. ನೂರು ಸಲ ತನ್ನ ಕೈಯಿಂದ ಕಾಯಿ ನಡೆಯಿಸಿ ಕಲಿತದ್ದನ್ನು ಮರೆಯಲಾರನು. ಕುದುರೆಯು ಒಂದೇ ಉಸುರಿಗೆ ಹೊಳೆ ದಾಟುವದೆಂದು ಆಟವು ಕಲಿಸಿದರೆ, ಆ ಹುಡುಗನ ಮನಸ್ಸಿನಲ್ಲಿ ಹೊಳೆಯೇ ಇಲ್ಲದಂತಾಗುವದು. ಕಳೆದ ಬೇಸಿಗೆಯಿಂದ ಕಾರಹುಣ್ಣಿಮೆಯ ವರೆಗೆ ಹಾವೇರಿಯ ನಮ್ಮ ಮನೆಯಲ್ಲಿ ನಡೆದ ಒಂದು ಯುದ್ಧದಾಟದ ವೃತ್ತಾಂತವನ್ನೂ, ಅದರ ಕಾಯಿಗಳ ನಡೆಯನ್ನು ತಿದ್ದಿದ ಬಗೆಯನ್ನೂ ಇಲ್ಲಿ ಹೇಳಬೇಕೆಂದಿರುವೆವು.

ಕಾಯಿಗಳ ನಡೆಯನ್ನು ತಿದ್ದುವದು ಹೊಸ ಕೆಲಸವೇನೂ ಅಲ್ಲ. ಆನೆ, ಕುದುರೆ, ತೇರು, ಕಾಲಾಳು ಎಂಬ ನಾಲ್ಕು ಅಂಗಗಳ ದಂಡನ್ನೇ ಹಲಗೆಯ ಮೇಲೆ ಇಳಿಸಿದ ಚತುರಂಗವು ನಮ್ಮ ದೇಶದ ಆಟ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಕ್ರೀಡಾಪ್ರಕರಣದಲ್ಲಿ ಅದರ ವರ್ಣನೆಯುಂಟು, ಆ ಕಾಲಕ್ಕೆ ನಮ್ಮ ಹಾವೇರಿಯ ಸೀಮೆಯೂ ಆ ಅರಸರ ಆಳಿಕೆಗೇ ಸೇರಿದ್ದಿತು. ಮೊದಲಿನ ಆಟದಲ್ಲಿ ಮಂತ್ರಿಯು ಓರೆಯಾಗಿ ಒಂದೇ ಮನೆ ನಡೆಯುತ್ತಿದ್ದನು. ಹದಿನೈದನೆಯ ಶತಮಾನದ ಕೊನೆಯ ಸುಮಾರಿಗೆ ಯುರೋಪಿನವರು ಆ ಕಾಯಿಗೆ ಹಲಗೆಯ ಈ ತುದಿಯಿಂದ ಆ ತುದಿಯ ವರೆಗೆ ಹರಿಯುವ ಶಕ್ತಿಯನ್ನು ಕೊಟ್ಟರು. ಕಾಲಾಳು ಮೊದಲ ಸಲ ಎರಡು ಮನೆ ದಾಟಬಹುದೆಂಬ ನಿಯಮವೂ ಆ ಕಡೆಯದೇ. ನಮ್ಮ ಅಜ್ಜಂದಿರು ಜಗಲಿಯ ಮೇಲೆ ಆಡುತ್ತಿದ್ದ ದೇಶೀ ಆಟದಲ್ಲಿ ಕಾಲಾಳಿಗೆ ಎಂದಿಗೂ ಒಂದೇ ಹೆಜ್ಜೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ (೧೭೯೪–೧೮೬೮) ಕುದುರೆಯು ಅರುವತ್ನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಬಗೆಗಳನ್ನು ಹುಡುಕುವದರಲ್ಲಿ ಹೆಸರಾಗಿದ್ದರು.

ಆದರೆ ಚದುರಂಗದ ಹಲಗೆಯಲ್ಲಿ ನೆಲವಿಲ್ಲ. ಅಲ್ಲಿ ಮಳೆಯಾಗುವದಿಲ್ಲ, ಹಸಿವೆಯಾಗುವದಿಲ್ಲ, ಎಲ್ಲ ಮನೆಗಳೂ ಒಂದೇ ಸಮ. ಇದು ಆ ಆಟದ ಸೊಬಗೂ ಹೌದು, ಯುದ್ಧವನ್ನು ಅರಿಯಬೇಕೆನ್ನುವವನಿಗೆ ಕೊರತೆಯೂ ಹೌದು. ಈ ಕೊರತೆಯನ್ನು ತುಂಬಲು ಯತ್ನಿಸಿದವರಲ್ಲಿ ಪ್ರಶ್ಯ ದೇಶದ ರೈಸ್ವಿಟ್ಸ್ ಎಂಬ ತಂದೆ-ಮಕ್ಕಳು ಮುಖ್ಯರು. ತಂದೆಯು ೧೮೧೨ರಲ್ಲಿ ನೆಲದ ಏರುತಗ್ಗುಗಳನ್ನು ತೋರಿಸುವ ಒಂದು ಮೇಜನ್ನು ಮಾಡಿ ತನ್ನ ಅರಸನಿಗೆ ಒಪ್ಪಿಸಿದನು. ಸೈನ್ಯಾಧಿಕಾರಿಯಾಗಿದ್ದ ಮಗನು ೧೮೨೪ರಲ್ಲಿ ಅದೇ ಆಟವನ್ನು ನಿಜವಾದ ನಕಾಶೆಯ ಮೇಲಕ್ಕೆ ತಂದು ನಿಯಮಗಳನ್ನು ಅಚ್ಚು ಹಾಕಿಸಿದನು. ಅದರಲ್ಲಿ ಒಂದು ಸರದಿಯೆಂದರೆ ಎರಡು ನಿಮಿಷಗಳ ಕಾಲ. ಆ ಎರಡು ನಿಮಿಷಗಳಲ್ಲಿ ನಿಜವಾದ ಕಾಲಾಳು ಎಷ್ಟು ದೂರ ಹೋಗಬಲ್ಲನೋ ಅಷ್ಟನ್ನೇ ಅಳೆದು ಕಾಯಿ ಸರಿಸಬೇಕು. ೧೯೧೩ರಲ್ಲಿ ಇಂಗ್ಲೆಂಡಿನ ಗ್ರಂಥಕರ್ತರಾದ ಎಚ್. ಜಿ. ವೆಲ್ಸರು ಮನೆಯ ನೆಲದ ಮೇಲೆ ಆಡುವ ಇಂಥದೊಂದು ಆಟಕ್ಕೆ ಕಾಲಾಳಿಗೆ ಒಂದು ಅಡಿ, ಕುದುರೆಗೆ ಎರಡು ಅಡಿ ಎಂದು ಸುಲಭವಾದ ಲೆಕ್ಕ ಹಾಕಿದರು. ಇವರೆಲ್ಲರ ಪ್ರಶ್ನೆ ಒಂದೇ: ಕಾಯಿಯು ಎಷ್ಟು ದೂರ ಹೋಗತಕ್ಕದ್ದು, ಮತ್ತು ಯಾತಕ್ಕೆ ಅಲ್ಲಿಯೇ ನಿಲ್ಲತಕ್ಕದ್ದು?

ನಮ್ಮ ಹುಡುಗರು ಆಯ್ದುಕೊಂಡದ್ದು ನಮ್ಮ ಮನೆಯ ಬಾಗಿಲಲ್ಲಿಯೇ ನಡೆದುಹೋದ ಒಂದು ದಂಡಯಾತ್ರೆ. ನಮ್ಮ ಹಿರಿಯ ಮಗನು ಶಾಲೆಯ ಪುಸ್ತಕಾಲಯದಲ್ಲಿ ೧೮೮೪ರ ಧಾರವಾಡ ಜಿಲ್ಲೆಯ ಗೆಝೆಟಿಯರವನ್ನು ತಿರುವುತ್ತಿರುವಾಗ ರಾಣೇಬೆನ್ನೂರು, ಹಾವೇರಿಗಳ ಹೆಸರು ಕಂಡು ಅದನ್ನು ಬರೆದುಕೊಂಡು ಬಂದನು. ಕಥೆಯು ಸಂಕ್ಷೇಪವಾಗಿ ಹೀಗಿರುವದು. ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯಾ ವಾಘನೆಂಬ ಸಾಹಸಿಯು ಟೀಪೂ ಸುಲ್ತಾನನ ಸೆರೆಯಲ್ಲಿದ್ದನು. ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣವು ಬೀಳಲು ಆತನು ಹೊರಬಿದ್ದು, ಚದುರಿಹೋದ ಸವಾರರನ್ನು ಕೂಡಿಸಿಕೊಂಡು, ಬಿದನೂರ ಸೀಮೆಯನ್ನು ಸುಲಿದು, ಅಲ್ಲಿಂದ ಅಟ್ಟಿಸಿಕೊಂಡು ತುಂಗಭದ್ರೆಯ ಈಚೆಗೆ ಬಂದನು. ಮರುವರುಷ ‘ಉಭಯ ಲೋಕಾಧೀಶ್ವರ’ನೆಂಬ ಬಿರುದು ಧರಿಸಿ ಮತ್ತೆ ದಂಡು ಕಟ್ಟಿದನು. ಆತನನ್ನು ಹಿಡಿಯಲು ಹೊರಟವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ ೧೮೧೫ರಲ್ಲಿ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ನನು ಈತನೇ. ೧೮೦೦ರ ಜೂನ್ ತಿಂಗಳಿನಲ್ಲಿ ಈತನ ಸೈನ್ಯವು ಹರಿಹರದ ಹತ್ತಿರ ತುಂಗಭದ್ರೆಯನ್ನು ದಾಟಿತು. ಹೊಳೆ ತುಂಬಿದ್ದರಿಂದ ದಾಟಲಿಕ್ಕೇ ಹಲವು ದಿನ ಹಿಡಿದವು. ತಿಂಗಳ ಕೊನೆಗೆ ರಾಣೇಬೆನ್ನೂರ ಕೋಟೆಯನ್ನು ಏಣಿ ಹಾಕಿ ಹಿಡಿದು ಹಾವೇರಿಯ ಕಡೆಗೆ ಸಾಗಿದರೆ, ಮುಂದೆ ವರದೆಯು ತುಂಬಿ ಅಡ್ಡವಾಯಿತು. ಅಷ್ಟರಲ್ಲಿ ಧೋಂಡಿಯನು ಉತ್ತರದ ಕಡೆಗೆ ಹೋಗಿ ಪೇಶವೆಯವರ ಸರದಾರ ಧೋಂಡೋಪಂತ ಗೋಖಲೆಯನ್ನು ಕೊಂದಿದ್ದನು. ಜುಲೈ ತಿಂಗಳಿನಲ್ಲಿ ಸವಣೂರು, ಕುಂದಗೋಳ, ಡಂಬಳಗಳ ಮೇಲೆ ಬೆನ್ನಟ್ಟುವಿಕೆಯು ಸಾಗಿ, ಜುಲೈ ೩೦ರಂದು ಮನೋಳಿಯ ಹತ್ತಿರ ಮಲಪ್ರಭೆಯ ದಂಡೆಯ ಮೇಲೆ ಧೋಂಡಿಯನ ಸಾಮಾನು ಸರಂಜಾಮು ಕೈಸೆರೆಯಾಯಿತು. ಸೆಪ್ಟೆಂಬರ ೧೦ರಂದು ಕೋಣಗಲ್ಲಿನ ಬಯಲಲ್ಲಿ ಆತನು ಮಡಿದನು.

ನಕಾಶೆಯನ್ನು ನಮ್ಮ ಮಗನು ಒಂದು ಹಳೆಯ ಧೋತರದ ಮೇಲೆ ಬರೆದನು. ಒಂದು ಮನೆಗೆ ಮೂರು ಮೈಲು, ಅಂದರೆ ಸುಮಾರು ಒಂದು ಹರದಾರಿ. ಹರಿಹರದಿಂದ ರಾಣೇಬೆನ್ನೂರಿಗೆ ಐದು ಮನೆ, ಅಲ್ಲಿಂದ ಹಾವೇರಿಗೆ ಏಳು. ಬ್ಯಾಡಗಿಯು ನಡುವೆ ದಾರಿಯ ಪಕ್ಕಕ್ಕೆ. ಒಂದು ಸರದಿಯು ಒಂದು ದಿನ. ಕುದುರೆಗೆ ಹತ್ತು ಮನೆ, ಕಾಲಾಳಿಗೆ ನಾಲ್ಕು, ತೋಪಿಗೆ ಮೂರು. ಮಗನು ಧೋಂಡಿಯನ ಪಕ್ಷವನ್ನು ವಹಿಸಿದನು. ಬ್ಯಾಡಗಿಯಿಂದ ರಜೆಗೆಂದು ಬಂದಿದ್ದ ನಮ್ಮ ತಂಗಿಯ ಮಗನು ವೆಲ್ಲೆಸ್ಲಿಯಾದನು. ಮೇ ತಿಂಗಳ ಬಿಸಿಲಿನಲ್ಲಿ ಹುಡುಗರು ಹೊರಗೆ ತಿರುಗದೆ ನೆರಳಿನಲ್ಲಿ ಕುಳಿತರೆಂದು ಹೆಂಗಸರಿಗೂ ಸಮಾಧಾನವಾಯಿತು.

ಸಮಾಧಾನವು ಬಹಳ ದಿನ ಉಳಿಯಲಿಲ್ಲ. ಹತ್ತು ಆಟ ಆಡಿದರೆ ಹತ್ತರಲ್ಲಿಯೂ ಧೋಂಡಿಯನೇ ಗೆದ್ದನು. ಬೆಳಿಗ್ಗೆ ರಾಣೇಬೆನ್ನೂರಿನಲ್ಲಿದ್ದ ಕುದುರೆಗಳು ಸಂಜೆಗೆ ವರದೆಯ ಆಚೆ; ಮರುದಿನ ಮತ್ತೆ ಈಚೆ. ಕೊನೆಗೊಂದು ದಿನ ಸೋದರಳಿಯನು ಕಾಯಿಗಳನ್ನು ಕೆಳಗಿಟ್ಟು ನಮ್ಮೆದುರಿಗೆ ಬಂದು ನಿಂತನು. “ಭಾವನ ಕುದುರಿಗೆ ನೀರೂ ಬ್ಯಾಡ, ಹುಲ್ಲೂ ಬ್ಯಾಡ, ಹೊಳಿನೂ ಅಡ್ಡ ಬರೂದಿಲ್ಲ. ಇದು ಆಟಲ್ಲ ಮಾವಾ, ಮೋಸ” ಎಂದನು. “ಸೋತಾವ್ರೆಲ್ಲಾ ಹಿಂಗ ಅಂತಾರ” ಎಂದು ಒಳಗಿನಿಂದ ಉತ್ತರ ಬಂತು. ಮಾತಿಗೆ ಮಾತು ಬೆಳೆದು, ಆ ಹುಡುಗನು ಅಂದಿನ ಸಂಜೆಯ ಗಾಡಿಗೇ ಬ್ಯಾಡಗಿಗೆ ಹೊರಟುಹೋದನು.

ಇದು ಬರಿಯ ಹುಡುಗರ ಜಗಳವಾಗಿದ್ದರೆ ನಾವು ನಕ್ಕು ಬಿಡುತ್ತಿದ್ದೆವು. ಆದರೆ ರಾಣೇಬೆನ್ನೂರಿನ ಆಚೆಗಿರುವ ನಮ್ಮ ಹಿರಿಯರ ಎರೆಹೊಲವೊಂದರ ಹಂಚಿಕೆಯ ಮಾತು ಎರಡು ವರುಷಗಳಿಂದ ನಮ್ಮ ಮನೆಗೂ ತಂಗಿಯ ಮನೆಗೂ ನಡುವೆ ತೂಗಾಡುತ್ತಿದ್ದಿತು. ಕಠಿನವಾದ ನುಡಿಯನ್ನು ಯಾರೂ ಆಡಿರಲಿಲ್ಲ. ಆದರೆ ಹಬ್ಬಕ್ಕೆ ಕರೆಯುವ ದನಿಯಲ್ಲಿ ಮೊದಲಿನ ಬೆಚ್ಚನೆ ಇರಲಿಲ್ಲ. ಎರಡೂ ಮನೆಗಳ ನಡುವೆ ನಿರಾತಂಕವಾಗಿ ಓಡಾಡುತ್ತಿದ್ದವರು ಈ ಇಬ್ಬರು ಹುಡುಗರು ಮಾತ್ರ. ಆ ದಾರಿಯೂ ಮುಚ್ಚಿದರೆ ಮುಂದೇನು? “ಆಟಾ ಸರಿಮಾಡ್ರಿ ಮೊದಲ, ಹೊಲದ ಮಾತು ತಾನ ಬರ್ತದ” ಎಂದು ನಮ್ಮ ತಾಯಿಯವರು ಅಂದರು. ಎಂಬತ್ತನ್ನು ದಾಟಿದ ಅವರ ಮಾತನ್ನು ಶಿರಸಾ ವಹಿಸಿ ನಾವು ಮಧ್ಯಸ್ಥರಾಗಲು ಒಪ್ಪಿದೆವು. ಆಟವನ್ನು ಸರಿಪಡಿಸಲಿಕ್ಕೆ ಬರಬೇಕೆಂದು ಸೋದರಳಿಯನಿಗೆ ಹೇಳಿ ಕಳಿಸಿದೆವು. ನಿಯಮವನ್ನು ತಿದ್ದುವ ಅಧಿಕಾರವು ತನಗೂ ಉಂಟೆಂದು ತಿಳಿದೊಡನೆ ಆತನು ಬಂದನು.

ಮೊದಲಿಗೆ ಸಿಕ್ಕ ದೋಷವು ರೇಖಾಗಣಿತದ್ದು. ಸೋದರಳಿಯನು ಒಂದು ದಾರವನ್ನು ಹಿಡಿದು ನಕಾಶೆಯನ್ನು ಅಳೆದನು. ಚೌಕವಾದ ಮನೆಯನ್ನು ನೆಟ್ಟಗೆ ದಾಟಿದರೆ ಮೂರು ಮೈಲು. ಮೂಲೆಯಿಂದ ಮೂಲೆಗೆ ದಾಟಿದರೆ ನಾಲ್ಕು ಮೈಲಿಗಿಂತ ಹೆಚ್ಚು. ಎರಡಕ್ಕೂ ಲೆಕ್ಕ ಒಂದೇ ಮನೆ! ಹತ್ತು ಮನೆ ನೆಟ್ಟಗೆ ಓಡಿದ ಕುದುರೆಯು ೩೦ ಮೈಲು ಹೋದರೆ, ಓರೆಯಾಗಿ ಓಡಿದ ಕುದುರೆಯು ೪೨ ಮೈಲು ಹೋಗುವದು. ಹನ್ನೆರಡು ಮೈಲು ಪುಕ್ಕಟೆ. ಇದಕ್ಕೆ ಉಪಾಯವನ್ನು ಜೇನುಹುಳವು ಎಂದೋ ಕಂಡುಹಿಡಿದಿರುವದು: ಆರು ಮೂಲೆಯ ಮನೆ. ಅದರ ನಡುವಿನಿಂದ ನೆರೆಯ ಆರು ಮನೆಗಳ ನಡುವಿಗೂ ಒಂದೇ ದೂರ. ಅಮೇರಿಕೆಯ ಚಾರ್ಲ್ಸ್ ರಾಬರ್ಟ್ಸರು ೧೯೫೪ರಲ್ಲಿ ಅಂಗಡಿಯಲ್ಲಿ ಮಾರುವ ಯುದ್ಧದಾಟವನ್ನು ಚೌಕದ ಮನೆಗಳ ಮೇಲೆಯೇ ಆರಂಭಿಸಿದ್ದರು. ೧೯೬೧ರಿಂದ ಅವರ ಆಟಗಳಲ್ಲಿಯೂ ಆರು ಮೂಲೆಯ ಮನೆಗಳು ಬಂದವು. ನಮ್ಮ ಹುಡುಗರು ಮೂರು ದಿನ ಕುಳಿತು ಧೋತರದ ಇನ್ನೊಂದು ಮಗ್ಗುಲಿಗೆ ಜೇನುಹುಟ್ಟನ್ನು ಬರೆದರು. ಒಂದೇ ನಕಾಶೆಯ ಮೇಲೆ ಇಬ್ಬರೂ ಬಗ್ಗಿ ಕುಳಿತದ್ದನ್ನು ಕಂಡು ನಮ್ಮ ಕುಟುಂಬದವರು ಎರಡು ತಾಟುಗಳ ಬದಲು ಒಂದೇ ತಾಟಿನಲ್ಲಿ ಮಂಡಕ್ಕಿಯನ್ನು ತಂದಿಟ್ಟರು.

ಎರಡನೆಯದು ನೆಲದ ಮಾತು. ನಮ್ಮ ಸೀಮೆಯಲ್ಲಿ ಮಸಾರಿಯೂ ಉಂಟು, ಎರೆಯೂ ಉಂಟು. ಒಣಗಿದಾಗ ಎರಡೂ ನಡೆಯಲು ಬರುವವು, ಮಳೆಯಾದರೆ ಅವುಗಳ ಗುಣವೇ ಬೇರೆ. ಇದನ್ನು ಬಾಯಿಂದ ಹೇಳುವದಕ್ಕಿಂತ ತೋರಿಸುವದು ಲೇಸೆಂದು, ಜೂನ್ ತಿಂಗಳ ಮೊದಲ ಮಳೆಯಾದ ಮೇಲೆ ಹುಡುಗರನ್ನು ಕರೆದುಕೊಂಡು ರಾಣೇಬೆನ್ನೂರಿನ ಆ ಹೊಲಕ್ಕೇ ಹೋದೆವು. ಹೊಲವನ್ನು ನೋಡಿಕೊಳ್ಳುವ ರೈತರು ಗಾಡಿ ಹೂಡಿದರು. ಮಸಾರಿಯ ದಾರಿಯಲ್ಲಿ ಒಂದು ಮೈಲಿಗೆ ಅರ್ಧ ತಾಸು ಹಿಡಿಯಿತು. ಎರೆಯಲ್ಲಿ ಇಳಿದ ಮೇಲೆ ಗಾಲಿಗೆ ಮಣ್ಣು ಮೆತ್ತಿ ಗಾಲಿಯು ಎರಡು ಪಟ್ಟು ದಪ್ಪವಾಯಿತು. ಹುಡುಗರಿಬ್ಬರೂ ಕೆಳಗಿಳಿದು ಕೋಲಿನಿಂದ ಮಣ್ಣು ಕೆರೆಯುತ್ತ, ಹಿಂದಿನಿಂದ ನೂಕುತ್ತ ಅರ್ಧ ಮೈಲು ಸಾಗುವಷ್ಟರಲ್ಲಿ ಒಂದು ತಾಸು ಕಳೆದುಹೋಯಿತು. ಗಾಡಿಯಲ್ಲಿದ್ದದ್ದು ತೋಪಲ್ಲ, ಎರಡು ಚೀಲ ಗೊಬ್ಬರ. ಅಂದು ರಾತ್ರಿ ಹುಡುಗರು ತಾವಾಗಿಯೇ ಬರೆದ ನಿಯಮ ಇದು: ಮಸಾರಿಯ ಮನೆ ದಾಟಲು ಒಂದು ಎಣಿಕೆ, ತೊಯ್ದ ಎರೆಯ ಮನೆ ದಾಟಲು ಕುದುರೆ ಕಾಲಾಳುಗಳಿಗೆ ಎರಡು, ತೋಪಿಗೂ ಗಾಡಿಗೂ ನಾಲ್ಕು. ಎಣಿಕೆಯು ತೀರಿದಲ್ಲಿಯೇ ಬೀಡು.

ಮೂರನೆಯದು ಹೊಳೆ. ತುಂಗಭದ್ರೆಯಾಗಲಿ ವರದೆಯಾಗಲಿ ನಮ್ಮೂರ ಮಳೆಯನ್ನೇ ನಂಬಿ ತುಂಬುವ ಹೊಳೆಗಳಲ್ಲ. ತುಂಗೆಯೂ ಭದ್ರೆಯೂ ಗಂಗಾಮೂಲದ ಗುಡ್ಡಗಳಲ್ಲಿ ಹುಟ್ಟಿ ಕೂಡಲಿಯಲ್ಲಿ ಒಂದಾಗುವವು. ವರದೆಯು ಇಕ್ಕೇರಿಯ ಹತ್ತಿರದ ವರದಾಮೂಲದಲ್ಲಿ ಹುಟ್ಟಿ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುವದು. ಹಾವೇರಿಯಲ್ಲಿ ಬಿಸಿಲು ಕಾಯುತ್ತಿರುವಾಗಲೇ ಮಲೆನಾಡಿನ ಮಳೆಯಿಂದ ಹೊಳೆಯು ಕೆಂಪಾಗಿ ಏರಿ ಬರುವದನ್ನು ಇಲ್ಲಿಯವರೆಲ್ಲರೂ ನೋಡಿರುವರು. ಆದುದರಿಂದ ಪ್ರತಿ ಸರದಿಗೂ ಆರು ಕವಡೆಗಳನ್ನು ಚೆಲ್ಲಿ ಮಲೆನಾಡಿನ ಮಳೆಯನ್ನು ನಿಶ್ಚಯಿಸುವದು. ಅದರ ನೀರು ನಮ್ಮ ನಕಾಶೆಗೆ ಬಂದು ಮುಟ್ಟುವದು ಎರಡು ಸರದಿಗಳ ಮೇಲೆ. ಹೊಳೆ ತುಂಬಿದರೆ ಕಡವಿನಲ್ಲಿ ಮಾತ್ರ ದಾಟತಕ್ಕದ್ದು, ದಿನಕ್ಕೆ ಒಂದೇ ಕಾಯಿ. ಹೀಗೆ ಆಡಿದಾಗ ಹರಿಹರದಲ್ಲಿ ವೆಲ್ಲೆಸ್ಲಿಯ ಹತ್ತು ಕಾಯಿಗಳು ಈಚೆ ದಡ ಸೇರಲು ಹತ್ತು ದಿನ ಹಿಡಿದವು. ಮೊದಲಿನ ನಿಯಮದಲ್ಲಿ ಅದು ಒಂದು ದಿನದ ಕೆಲಸವಾಗಿದ್ದಿತು. ಧೋಂಡಿಯನ ಕುದುರೆಗಳೂ ವರದೆಯ ತಪ್ಪಾದ ದಡದಲ್ಲಿ ಎರಡು ಸಲ ಸಿಕ್ಕಿಬಿದ್ದವು. ಭಾವನ ಮುಖವು ಸಪ್ಪಗಾದದ್ದನ್ನು ಕಂಡು ಬ್ಯಾಡಗಿಯ ವೀರನಿಗೆ ಆದ ಸಂತೋಷವನ್ನು ಏನೆಂದು ವರ್ಣಿಸೋಣ!

ನಾಲ್ಕನೆಯ ತಿದ್ದುಪಡಿಯು ಆಟವನ್ನು ಎಂದೂ ಆಡದವರಿಂದ ಬಂತು. ಕಾರಹುಣ್ಣಿಮೆಗೆ ತಂಗಿಯೂ ಭಾವಮೈದುನರೂ ಬಂದಿದ್ದರು. ಊಟವಾದ ಮೇಲೆ ಎಲ್ಲರೂ ನಡುಮನೆಯಲ್ಲಿ ಕುಳಿತಿರಲು, ನಮ್ಮ ತಾಯಿಯವರು ನಕಾಶೆಯನ್ನು ಬಹಳ ಹೊತ್ತು ನೋಡಿ, “ಅಲ್ಲಪ್ಪಾ, ಇಷ್ಟು ಮಂದಿ ನಡದಾರ, ಇವರ ಅಕ್ಕಿ ಯಾರು ಹೊತ್ತಾರ? ಎತ್ತು ಎಲ್ಲಿ ಅದಾವು?” ಎಂದು ಕೇಳಿದರು. ಊರೂರಿನಲ್ಲಿ ಎತ್ತುಗಳನ್ನು ಸಿಂಗರಿಸಿ ಕರಿ ಹರಿಯುವ ದಿನವೇ ಆ ಪ್ರಶ್ನೆ ಹುಟ್ಟಿದ್ದು ಉಚಿತವಾಗಿಯೇ ಇದ್ದಿತು. ಹುಡುಗರು ಒಬ್ಬರ ಮುಖವನ್ನೊಬ್ಬರು ನೋಡಿದರು. ನಕಾಶೆಯ ಮೇಲೆ ಒಂದು ಎತ್ತೂ ಇರಲಿಲ್ಲ.

ವೆಲ್ಲೆಸ್ಲಿಯು ತನ್ನ ಪತ್ರಗಳಲ್ಲಿ ಮತ್ತೆ ಮತ್ತೆ ಚಿಂತಿಸುವದು ಶತ್ರುವಿನ ಖಡ್ಗವನ್ನು ಕುರಿತಲ್ಲ; ಅಕ್ಕಿಯನ್ನೂ ಎತ್ತುಗಳನ್ನೂ ಕುರಿತು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಿಂದ ಬೆಳೆದುಬಂದು, ಟೀಪುವಿನಿಂದ ‘ಅಮೃತ ಮಹಲ್’ ಎಂಬ ಹೆಸರು ಪಡೆದ ಎತ್ತುಗಳು ೧೭೯೯ರಲ್ಲಿ ಕಂಪನಿಯವರ ಕೈಸೇರಿದ್ದವು. ತೋಪುಗಳನ್ನು ಎಳೆಯಲು ಅವಕ್ಕೆ ಸಮವಾದವು ಇಲ್ಲವೆಂದು ಹೆಸರಿದ್ದಿತು. ಧಾನ್ಯವನ್ನು ಹೇರಿಕೊಂಡು ದಂಡಿನ ಬೆನ್ನಿಗೆ ಬರುತ್ತಿದ್ದವರು ಲಂಬಾಣಿಗಳು. ಹೇರಿನ ಎತ್ತು ದಿನಕ್ಕೆ ನಡೆಯುವದು ಹತ್ತು-ಹನ್ನೆರಡು ಮೈಲು. ಅದು ನಿಂತಲ್ಲಿ ದಂಡೂ ನಿಲ್ಲಬೇಕು. ಅಂದಮೇಲೆ ಕುದುರೆಯ ಓಟವನ್ನು ಅಳೆದು ದಂಡಿನ ನಡೆಯನ್ನು ಗೊತ್ತುಪಡಿಸುವದು ಹೇಗೆ ಸರಿಯಾದೀತು? ಆ ರಾತ್ರಿ ಹುಡುಗರು ಎತ್ತಿನ ಕಾಯಿಗಳನ್ನು ಮಾಡಿದರು. ಒಂದು ಎತ್ತಿನ ಕಾಯಿಯು ನಾಲ್ಕು ಕಾಯಿಗಳಿಗೆ ಅನ್ನವಿಕ್ಕುವದು. ಅದರಿಂದ ನಾಲ್ಕು ಮನೆಗಿಂತ ದೂರ ಹೋದ ಕಾಯಿಗೆ ಮರುದಿನ ಅರ್ಧ ನಡೆ. ಸವಾರರು ಮಾತ್ರ ಚೀಲದಲ್ಲಿ ಬುತ್ತಿ ಕಟ್ಟಿಕೊಂಡು ಎರಡು ದಿನ ಮುಂದೋಡಬಹುದು, ಮೂರನೆಯ ದಿನ ಎತ್ತಿನ ದಾರಿ ಕಾಯಬೇಕು. ಕೊನೆಯ ದಿನ ಕೋಣಗಲ್ಲಿನಲ್ಲಿ ವೆಲ್ಲೆಸ್ಲಿಯು ಕಾಲಾಳನ್ನು ಹಿಂದಿಟ್ಟು ನಾಲ್ಕು ಸವಾರಪಡೆಗಳನ್ನು ಮಾತ್ರ ಒಂದೇ ಸಾಲಾಗಿ ನಿಲ್ಲಿಸಿ ಮೇಲೆ ಬಿದ್ದದ್ದು ಏಕೆಂಬುದು ಈ ನಿಯಮದಿಂದ ಹುಡುಗರಿಗೆ ಹೊಳೆಯಿತು. ತನ್ನ ಊರಿನ ಹೆಸರಾದ ಮೆಣಸಿನಕಾಯಿಯನ್ನೂ ಧಾನ್ಯದ ಲೆಕ್ಕಕ್ಕೆ ಹಿಡಿಯಬೇಕೆಂದು ಸೋದರಳಿಯನು ವಾದಿಸಿದನು. ಬಣ್ಣ ಎಷ್ಟಿದ್ದರೇನು, ಖಾರ ಎಷ್ಟು ಕಡಿಮೆಯಿದ್ದರೇನು, ಎತ್ತು ಮೆಣಸಿನಕಾಯಿ ತಿನ್ನುವದಿಲ್ಲವೆಂದು ಅಜ್ಜಿಯವರು ತೀರ್ಪು ಕೊಟ್ಟರು.

ಇಷ್ಟಾದರೂ ಧೋಂಡಿಯನ ಪಕ್ಷಕ್ಕೆ ಒಂದು ಸೌಕರ್ಯವು 乘ಉಳಿದಿತ್ತು. ಆತನಿಗೆ ಎತ್ತುಗಳ ಹಂಗು ಕಡಿಮೆ. ಸಿಕ್ಕ ಊರನ್ನು ಸುಲಿದು ಮುಂದೆ ಹೋಗುವನು. ಆಗ ನಮ್ಮ ಒಂಬತ್ತು ವರುಷದ ಮಗಳು, “ಅಪ್ಪಾ, ಎಲ್ಲಾರೂ ಸರದಿ ಆಡ್ತಾರ. ಊರಿನ ಸರದಿ ಯಾವಾಗ?” ಎಂದಳು. ಕೆಲವು ಕ್ಷಣ ಯಾರೂ ಮಾತಾಡಲಿಲ್ಲ. ನಕಾಶೆಯ ಮೇಲೆ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು, ಸವಣೂರು ಎಂದು ಹೆಸರು ಬರೆದಿದ್ದರೂ ಆ ಹೆಸರುಗಳೊಳಗೆ ಒಬ್ಬ ಮನುಷ್ಯನೂ ಇರಲಿಲ್ಲ. ಆಕೆಗೇ ಊರುಗಳ ಆಟವನ್ನು ಒಪ್ಪಿಸಲಾಯಿತು. ಪ್ರತಿಯೊಂದು ಊರಿಗೂ ಮೂರು ಹುಣಸೆಬೀಜ. ಅದೇ ಅದರ ಹಗೇವಿನ ಧಾನ್ಯ. ದಂಡು ಒಂದು ರಾತ್ರಿ ತಂಗಿದರೆ ಒಂದು ಬೀಜ ಹೋಗುವದು. ಬೀಜ ತೀರಿದ ಊರಿನಲ್ಲಿ ಯಾವ ಪಕ್ಷದವರೂ ತಂಗಲಾರರು. ಊರಿನ ಸರದಿ ಬಂದಾಗ ಆಕೆಯು ಒಂದು ಬೀಜವನ್ನು ಬಚ್ಚಿಡಬಹುದು, ಹಣ ಕೊಟ್ಟವರಿಗೆ ಮಾರಬಹುದು, ಇಲ್ಲವೆ ಜನರನ್ನು ಅಡವಿಗೆ ಕಳಿಸಿ ಊರನ್ನು ಬರಿದು ಮಾಡಬಹುದು.

ಈ ಒಂದು ನಿಯಮದಿಂದ ಆಟದ ಸ್ವರೂಪವೇ ಬದಲಾಯಿತು. ಸುಲಿದ ದಾರಿಯಲ್ಲಿ ಹಿಂದಿರುಗಿ ಬರಲು ಆಗದೆ ಧೋಂಡಿಯನು ಹೊಸ ಹೊಸ ಊರುಗಳನ್ನು ಹುಡುಕುತ್ತ ಹೋಗಬೇಕಾಯಿತು. ಆತನ ವೇಗವೇ ಆತನ ಬಲೆಯಾಯಿತು. ವೆಲ್ಲೆಸ್ಲಿಯಾದರೂ ಹಣ ಕೊಟ್ಟು ಊರಿನ ವಿಶ್ವಾಸವನ್ನು ಉಳಿಸಿಕೊಳ್ಳದೆ ಮುಂದಿನ ಹೆಜ್ಜೆ ಇಡಲಾರದಾದನು. ಹುಡುಗರಿಬ್ಬರೂ ಗೆಲ್ಲಬೇಕಾದರೆ ಆ ಪುಟ್ಟ ಹುಡುಗಿಯನ್ನು ಒಲಿಸಿಕೊಳ್ಳಬೇಕಾಯಿತು. ಒಂದು ದಿನ ಆಕೆಯು ರಾಣೇಬೆನ್ನೂರ ಕೋಟೆಯಲ್ಲಿ ಇದ್ದವರು ಏನಾದರೆಂದು ಕೇಳಿದಳು. ಕೋಟೆಯವರಲ್ಲಿ ಬಹುಜನರು ಅಂದೇ ಮಡಿದರೆಂಬ ಸಂಗತಿಯನ್ನು ನಾವು ಮರೆಮಾಡದೆ ಹೇಳಿದೆವು. ಅಂದಿನಿಂದ ಹೊಡೆದ ಕಾಯಿಯನ್ನು ಡಬ್ಬಿಗೆ ಎಸೆಯುವದನ್ನು ಬಿಟ್ಟು, ಅದು ಬಿದ್ದ ಊರಿನ ಹೆಸರಿನ ಮಗ್ಗುಲಲ್ಲಿಯೇ ಇಡುವ ರೂಢಿಯನ್ನು ಮಕ್ಕಳು ತಾವೇ ಮಾಡಿಕೊಂಡರು. ನಮ್ಮ ಸೀಮೆಯ ಹಳ್ಳಿಗಳಲ್ಲಿ ವೀರಗಲ್ಲುಗಳು ಊರ ಮುಂದೆಯೇ ನಿಂತಿರುವದನ್ನು ಅವರು ನೋಡಿದವರೇ ಅಲ್ಲವೆ!

ನಮ್ಮ ಅಜ್ಜಿಯವರ ಪ್ರಶ್ನೆಯೂ ಮಗಳ ಪ್ರಶ್ನೆಯೂ ಹೊಸವೆಂದು ವಾಚಕರು ತಿಳಿಯಬಾರದು. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಓಲೆಯ ಗ್ರಂಥದಿಂದ ಬೆಳಕಿಗೆ ತಂದು ೧೯೦೯ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ದಂಡು ಹೊರಡುವ ಮೊದಲು ದಾರಿಯ ಊರು ಅಡವಿಗಳಲ್ಲಿ ಹುಲ್ಲು, ಕಟ್ಟಿಗೆ, ನೀರು ಎಷ್ಟಿರುವವೆಂದು ಎಣಿಸಿಯೇ ಬೀಡುಗಳನ್ನು ಗೊತ್ತುಮಾಡಬೇಕೆಂದು ಹೇಳಿದೆ. ದಿನಕ್ಕೆ ಒಂದು ಯೋಜನ ನಡೆಯುವ ದಂಡು ಅಧಮ, ಒಂದೂವರೆ ನಡೆಯುವದು ಮಧ್ಯಮ, ಎರಡು ನಡೆಯುವದು ಉತ್ತಮವೆಂಬ ಎಣಿಕೆಯೂ ಅಲ್ಲಿಯೇ ಇರುವದು. ಮೊದಲು ಹುಲ್ಲು ನೀರು, ಆಮೇಲೆ ಹೆಜ್ಜೆಯ ಲೆಕ್ಕ! ನಡೆಯ ನಿಯಮವನ್ನು ಬರೆಯುವವರು ಈ ಕ್ರಮವನ್ನು ಮನಸ್ಸಿನಲ್ಲಿಡತಕ್ಕದ್ದು.

ಈಗ ಆಟವು ಯಾವ ಪಕ್ಷಕ್ಕೂ ಮೀಸಲಾಗಿಲ್ಲ. ಕೊನೆಯ ಎಂಟು ಆಟಗಳಲ್ಲಿ ಇಬ್ಬರೂ ನಾಲ್ಕು ನಾಲ್ಕು ಗೆದ್ದಿರುವರು. ರವಿವಾರದ ದಿನ ಬ್ಯಾಡಗಿಯಿಂದ ಹುಡುಗನು ಬರುವದು, ಇಲ್ಲವೆ ಇಲ್ಲಿಯವನು ಅಲ್ಲಿಗೆ ಹೋಗುವದು ಮೊದಲಿನಂತೆ ನಡೆದಿದೆ. ಹೊಲದ ಮಾತು ಇನ್ನೂ ಮುಗಿದಿಲ್ಲ. ಆದರೆ ಕಾರಹುಣ್ಣಿಮೆಯ ಮರುದಿನ ಹೊರಡುವಾಗ ನಮ್ಮ ಭಾವಮೈದುನರು ಚಪ್ಪಲಿ ಮೆಟ್ಟುತ್ತ, “ದೀಪಾವಳಿಗೆ ಎಲ್ಲಾರೂ ಹೊಲಕ್ಕ ಹೋಗಿ ಕೂತು ಮಾತಾಡೂಣು, ಇಲ್ಲಿ ಕೂತು ನಕಾಶಿ ನೋಡಿದರ ಎರಿ ಯಾವುದು ಮಸಾರಿ ಯಾವುದು ತಿಳಿಯೂದಿಲ್ಲ” ಎಂದರು. ನಾವು ಆಗಲೆಂದೆವು.

ಇಂಥ ಆಟವನ್ನು ಮಾಡಿಕೊಳ್ಳಲು ವೆಚ್ಚವೇನೂ ಇಲ್ಲ. ಒಂದು ಹಳೆಯ ಬಟ್ಟೆ, ತಮ್ಮ ತಾಲೂಕಿನ ನಕಾಶೆ, ಆರು ಕವಡೆ, ಒಂದು ಹಿಡಿ ಹುಣಸೆಬೀಜ ಇದ್ದರೆ ಸಾಕು. ದಂಡು ನಡೆಯದ ಸೀಮೆ ನಮ್ಮ ನಾಡಿನಲ್ಲಿ ಇಲ್ಲ. ಆದುದರಿಂದ ಕಥೆಗೂ ಕೊರತೆಯಾಗದು. ನಿಯಮ ಬರೆಯುವಾಗ ಮನೆಯ ಮುದುಕರನ್ನೂ ಚಿಕ್ಕ ಮಕ್ಕಳನ್ನೂ ಹತ್ತಿರ ಕೂಡ್ರಿಸಿಕೊಳ್ಳಿರಿ. ಕಾಯಿಯನ್ನು ಮುಂದೆ ಸರಿಸುವ ಮೊದಲು ಅದರ ಅಕ್ಕಿಯನ್ನು ಹೊತ್ತವರಾರು, ಅದು ತಂಗುವ ಊರಿನಲ್ಲಿ ಎಷ್ಟು ಬೀಜ ಉಳಿದಿವೆ ಎಂಬ ಎರಡು ಪ್ರಶ್ನೆಗಳನ್ನು ಕೇಳುವದು ಹುಡುಗರಿಗೆ ರೂಢಿಯಾದರೆ, ಉಳಿದ ನಿಯಮಗಳನ್ನು ಅವರೇ ತಿದ್ದಿಕೊಳ್ಳುವರು.